ಅಡಕೆ ಹಾಳೆಯ ಮುಚ್ಚಳ

ಕ್ಯಾಮೆರಾ ಹಿಡಿದ ಮೊದಲ ಮೂರು ವರ್ಷಗಳಲ್ಲಿ ನಾನು ತೆಗೆದ ಒಳ್ಳೆಯ ಫೋಟೋಗಳನ್ನು ಎಣಿಸಲು ಒಂದು ಕೈ ಸಾಕು. ಕಳೆದುಕೊಂಡ ಕ್ಯಾಮೆರಾ ಮುಚ್ಚಳಗಳನ್ನು ಎಣಿಸಲು ಆ ಕೈಯ ಜೊತೆ ಇನ್ನೊಂದನ್ನೂ ಸೇರಿಸಬೇಕಾಗುತ್ತದೆ.

ಮೊದಲನೆಯದು ಹೊಳೆಗೆ ಹೋಯಿತು. ದೋಣಿಯವನ ಫೋಟೋ ತೆಗೆಯಲು ದೋಣಿಯ ಅಂಚಿನಲ್ಲಿ ಬಗ್ಗಿದ್ದೆ. ನಾನು ಬೀಳದಿದ್ದದ್ದು ದೊಡ್ಡದು ಎಂದು ಎಲ್ಲರೂ ಹೇಳಿದರು, ಸ್ಟುಡಿಯೋದ ಯಜಮಾನರೊಬ್ಬರನ್ನು ಬಿಟ್ಟು. ಎರಡನೆಯದನ್ನು ಸುಳ್ಯದ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಇಟ್ಟಿದ್ದೆ. ಫೋಟೋ ತೆಗೆದು ತಿರುಗಿ ನೋಡುವಾಗ ಅದು ಆ ಮನೆಯ ಅಜ್ಜಿಯ ಸುಣ್ಣದ ಡಬ್ಬಿಯ ಮೇಲೆ ಕುಳಿತಿತ್ತು. ಎಷ್ಟು ಸರಿಯಾಗಿ ಕುಳಿತಿತ್ತು ಎಂದರೆ ವಾಪಸು ಕೇಳಲು ನನಗೆ ಮನಸ್ಸು ಬರಲಿಲ್ಲ. ಮೂರನೆಯದನ್ನು ಬುದ್ಧಿವಂತನ ಹಾಗೆ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಎದುರು ನಿಂತವರನ್ನು ನಗಿಸಲು ಹೋಗಿ ನಾನೇ ನಕ್ಕೆ, ಕಾಲಬುಡದಲ್ಲೇ ಬಾವಿ ಇತ್ತು. ನಾಲ್ಕನೆಯದನ್ನು ಕರು ತಿಂದಿತು ಎಂದು ಯಜಮಾನರಿಗೆ ಹೇಳಿದೆ. ಅದು ಸುಳ್ಳು, ಬಸ್ಸಿನಲ್ಲಿ ಬಿಟ್ಟು ಬಂದಿದ್ದೆ. ಆದರೆ ಅವರು ನಂಬಿದ್ದು ಅದೊಂದನ್ನೇ.

ಆರನೆಯದು ಹೋದಾಗ ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇನ್ನು ಕ್ಯಾಮೆರಾಕ್ಕೆ ನಾನು ಮುಚ್ಚಳ ತರಿಸುದಿಲ್ಲ ಮಾರಾಯ. ಬೇಕಾದ್ರೆ ನಿನ್ನ ಬಾಯಿಗೊಂದು ತರಿಸಿ ಕೊಡ್ತೇನೆ."

ಪುತ್ತೂರಿನ ಆ ಸ್ಟುಡಿಯೋದಲ್ಲಿ ಹೊರಗಿನ ಕೆಲಸವೆಲ್ಲ ನನ್ನದು. ಮದುವೆ, ಗೃಹಪ್ರವೇಶ, ಅಜ್ಜಂದಿರ ಅರುವತ್ತರ ಶಾಂತಿ ಎಂದು ಕಡಬ, ಸುಳ್ಯದ ಕಡೆ ಬಸ್ಸು ಹತ್ತಿ, ಇಳಿದು ಮತ್ತೆ ನಡೆಯುವುದು. ದಾರಿಯ ಕೆಂಪು ಧೂಳು ನಮ್ಮ ಹುಬ್ಬಿನ ಬಣ್ಣವನ್ನೇ ಬದಲಿಸುತ್ತಿತ್ತು. ಅಂಥ ಧೂಳಿನಲ್ಲಿ ಕ್ಯಾಮೆರಾದ ಗಾಜನ್ನು ತೆರೆದಿಟ್ಟುಕೊಂಡು ಹೋಗುವಂತಿರಲಿಲ್ಲ.

ಕೊನೆಗೆ ದಾರಿ ಹುಡುಕಿದವಳು ನನ್ನ ಅಮ್ಮ. ನಮ್ಮ ಮನೆ ಪೆರಾಬೆಯಲ್ಲಿ. ಅಮ್ಮ ತೋಟದಲ್ಲಿ ಮರದಿಂದ ಉದುರಿದ ಒಂದು ಒಳ್ಳೆಯ ಅಡಕೆ ಹಾಳೆಯನ್ನು ನೀರಿನಲ್ಲಿ ನೆನೆಹಾಕಿ, ಕ್ಯಾಮೆರಾದ ಮೂತಿಯಷ್ಟೇ ದಪ್ಪದ ಕುಪ್ಪಿಯೊಂದರ ತಳಕ್ಕೆ ಒತ್ತಿ ಕಟ್ಟಿ ಬಿಸಿಲಿಗಿಟ್ಟಳು. ಒಣಗಿದ ಮೇಲೆ ಅಂಚು ಕತ್ತರಿಸಿ, ಒಂದು ತೂತು ಮಾಡಿ, ಕಪ್ಪು ನೂಲು ಪೋಣಿಸಿ ಕ್ಯಾಮೆರಾದ ಪಟ್ಟಿಗೆ ಕಟ್ಟಿದಳು. ಮುಚ್ಚಳ ಹಾಕಿದರೆ ಗಟ್ಟಿ ಕೂರುತ್ತಿತ್ತು, ತೆಗೆದರೆ ನೂಲಿನಲ್ಲಿ ನೇತಾಡುತ್ತಿತ್ತು.

"ಇದೂ ಹೋದ್ರೆ ಇನ್ನೊಂದು ಮಾಡುವ," ಅಂದಳು. "ಹಾಳೆಗೆ ಎಂತ ಬರಗಾಲ ನಮ್ಮಲ್ಲಿ?"

ತೋಟದ ಕೆಲಸದವರು ತಲೆಗೆ ಹಾಕುವ ಹಾಳೆಯ ಟೊಪ್ಪಿಗೆ ನಮ್ಮಲ್ಲಿ ಮುಟ್ಟಾಳೆ ಎನ್ನುತ್ತಾರೆ. ಯಜಮಾನರು ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಂತದು, ಕ್ಯಾಮೆರಾಕ್ಕೂ ಮುಟ್ಟಾಳೆಯಾ? ನಾಳೆಯಿಂದ ಇದಕ್ಕೊಂದು ಕತ್ತಿ ಕೊಟ್ಟು ಕೊಯ್ಲಿಗೆ ಕಳಿಸು."

ಆದರೆ ಆ ಮುಚ್ಚಳ ಕಳೆಯಲಿಲ್ಲ. ನೂಲು ಒಂದು ಕಾರಣ. ಇನ್ನೊಂದು ಕಾರಣ ನನ್ನ ಹೊಸ ಅಭ್ಯಾಸ. ಜಗಲಿ, ಜೇಬು, ಹಲ್ಲು ಎಲ್ಲವನ್ನೂ ನೋಡಿಯಾದ ಮೇಲೆ, ಮುಚ್ಚಳಕ್ಕೆ ಅತ್ಯಂತ ಸುರಕ್ಷಿತವಾದ ಜಾಗ ಕ್ಯಾಮೆರಾದ ಮೂತಿಯೇ ಎಂಬ ಜ್ಞಾನೋದಯ ನನಗಾಗಿತ್ತು. ಒಂದು ಫೋಟೋ ತೆಗೆಯುವುದು, ತಕ್ಷಣ ಮುಚ್ಚುವುದು. ಮತ್ತೆ ತೆರೆಯುವುದು, ತೆಗೆಯುವುದು, ಮುಚ್ಚುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕ್ಯಾಮೆರಾದಲ್ಲಿ ನಾವು ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಫಿಲ್ಮಿಗೆ ಬೆಳಕು ಬೀಳುವ ಗಾಜು ಬೇರೆ. ಗಾಜಿಗೆ ಮುಚ್ಚಳ ಇದ್ದರೂ ಕಿಂಡಿಯಲ್ಲಿ ಇಡೀ ಲೋಕ ಚೆನ್ನಾಗಿಯೇ ಕಾಣುತ್ತದೆ. ಎದುರು ನಿಂತವರಿಗೆ ಮಾತ್ರ ಮುಚ್ಚಳ ಕಾಣುತ್ತದೆ. ಅವರಿಗೆ ಅದು ಮುಚ್ಚಳ ಎಂದು ಗೊತ್ತಿರುವುದಿಲ್ಲ.

ಇದರಿಂದ ಒಂದು ಉಪಕಾರವೂ ಇತ್ತು. ನನ್ನ ಕಸುಬಿನಲ್ಲಿ ಫೋಟೋ ತೆಗೆ ಎಂದು ಪೀಡಿಸುವವರು ಬಹಳ. ಅಂಥವರಿಗೆ ಮುಚ್ಚಳ ತೆಗೆಯದೆ, ಫಿಲ್ಮು ತಿರುಗಿಸದೆ, ಗುಂಡಿ ಮಾತ್ರ ಒತ್ತುವುದು. ಟಿಕ್ ಎಂದು ಸದ್ದು ಬರುತ್ತದೆ, ಅವರಿಗೆ ಸಂತೋಷ, ಫಿಲ್ಮೂ ಉಳಿಯಿತು. ಸುಳ್ಯದ ಕಡೆಯ ಒಬ್ಬ ದೊಡ್ಡ ಕುಳಕ್ಕೆ ಒಂದೇ ಮಧ್ಯಾಹ್ನ ಹೀಗೆ ಐದು ಫೋಟೋ ತೆಗೆದುಕೊಟ್ಟಿದ್ದೆ. ಕುರ್ಚಿಯಲ್ಲಿ ಕುಳಿತು ಒಂದು, ನಾಯಿಯೊಂದಿಗೆ ಒಂದು, ಕೋವಿ ಹಿಡಿದು ಒಂದು, ನಾಯಿ ಮತ್ತು ಕೋವಿ ಎರಡೂ ಸೇರಿ ಒಂದು, ಕೊನೆಗೆ ಮೀಸೆ ತಿರುವುತ್ತಾ ಒಂದು. ಹದಿನೈದು ದಿನ ಬಿಟ್ಟು ಪಟ ಎಲ್ಲಿ ಎಂದು ಕೇಳಿದಾಗ, "ತೊಳೆಯುವಾಗ ಹಾಳಾಯ್ತು ಧಣಿ" ಎಂದೆ. ಅವರು ನಾಯಿಗಾಗಿ ತುಂಬ ಬೇಸರಪಟ್ಟರು.

ಈ ಕಥೆಯನ್ನು ನಾನು ಹೇಳದ ಜಗಲಿ ಇರಲಿಲ್ಲ. ಪ್ರತಿ ಸಲ ನಾಯಿಯ ಮುಖವನ್ನೂ ಮಾಡಿ ತೋರಿಸುತ್ತಿದ್ದೆ.

ಅಮ್ಮನ ತವರು ಇಚಿಲಂಪಾಡಿಯಲ್ಲಿ. ಅಜ್ಜ ಅಜ್ಜಿ ಇಬ್ಬರೂ ಹೋಗಿಯಾಗಿತ್ತು. ಅಲ್ಲಿ ಇದ್ದದ್ದು ಅವಳ ಒಬ್ಬನೇ ಅಣ್ಣ, ನನ್ನ ಸೋದರಮಾವ, ಮತ್ತು ಅತ್ತೆ. ಆ ಮನೆಗೂ ನಮ್ಮ ಮನೆಗೂ ಏಳು ವರ್ಷದಿಂದ ಮಾತಿರಲಿಲ್ಲ. ಆದದ್ದಿಷ್ಟು. ನನ್ನ ಅಕ್ಕನ ಮದುವೆಗೆ ಅಪ್ಪ ಮಾವನ ಮನೆಗೆ ತಾನೇ ಹೋಗಿ ಹೇಳಿಕೆ ಕೊಡಬೇಕಿತ್ತು. ಮದುವೆಗೆ ಕರೆಯುವ ಕ್ರಮ ನಮ್ಮಲ್ಲಿ ಹಾಗೆಯೇ. ಹತ್ತಿರದ ನೆಂಟರಿಗೆ ಮನೆಗೆ ಹೋಗಿ, ಕುಳಿತು, ಬಾಯಿಯಾರೆ ಹೇಳದಿದ್ದರೆ ಅದು ಹೇಳಿಕೆಯೇ ಅಲ್ಲ. ಅಪ್ಪನಿಗೆ ಆ ವಾರ ಕಾಲು ಊದಿತ್ತು. ಒಂದು ಕಾಗದ ಬರೆದು, ಆ ಕಡೆ ಹೋಗುವ ಬಸ್ಸಿನವರ ಕೈಯಲ್ಲಿ ಕಳಿಸಿಬಿಟ್ಟರು. ಕಾಗದ ನೋಡಿ ಮಾವ ಹೇಳಿದರಂತೆ, "ಬಸ್ಸಿನಲ್ಲಿ ಹೇಳಿಕೆ ಕಳಿಸಿದವನ ಮನೆಗೆ ಬಸ್ಸೇ ಹೋಗಿ ಉಂಡು ಬರಲಿ."

ಈ ಮಾತು ಅಪ್ಪನಿಗೆ ಮುಟ್ಟಿತು. ಅಪ್ಪನ ಕಾಲಿನ ಬಾವು ಇಳಿಯಿತು, ಇದು ಇಳಿಯಲಿಲ್ಲ.

ಎರಡು ಗಂಡಸರ ನಡುವೆ ತವರಿನ ದಾರಿ ಕಳೆದುಕೊಂಡವಳು ಅಮ್ಮ. ಇಚಿಲಂಪಾಡಿಯ ಕಡೆಯಿಂದ ಯಾರಾದರೂ ಬಂದರೆ ಅವರಿಗೆ ಒಂದು ಲೋಟ ಮಜ್ಜಿಗೆ ಹೆಚ್ಚು ಸಿಗುತ್ತಿತ್ತು. "ಅಲ್ಲಿ ಎಲ್ಲ ಹೇಗುಂಟು?" ಎಂದು ಕೇಳುತ್ತಿದ್ದಳು. ಅಣ್ಣ ಎಂಬ ಶಬ್ದ ಬಾಯಿಗೆ ತರುತ್ತಿರಲಿಲ್ಲ.

ನನ್ನ ತಂಗಿಗೆ ಮದುವೆ ನಿಶ್ಚಯವಾದಾಗ ಅಮ್ಮ ಅಪ್ಪನನ್ನು ಕೇಳಲಿಲ್ಲ. ಒಂದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಹೊರಟಳು. ಅಪ್ಪ ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ದೋಣಿಯಲ್ಲಿ ಹೊಳೆ ದಾಟಿ, ನಡೆದು, ಮಾವನ ಅಂಗಳ ಮುಟ್ಟುವಾಗ ಬಿಸಿಲು ಏರಿತ್ತು. ಮಾವ ಎದ್ದು ನಿಂತರು. ಕೈಕಾಲು ತೊಳೆಯಲು ನೀರು ಕೊಟ್ಟರು. ಅತ್ತೆ ಬೆಲ್ಲ ಮತ್ತು ಕುಡಿಯಲು ನೀರು ತಂದಿಟ್ಟು ಒಳಗೆ ಹೋಗಿ ಅತ್ತರು. ಹೊರಗೆ ಕೇಳುತ್ತಿತ್ತು.

"ಅಣ್ಣ, ನಾನೇ ಬಂದಿದ್ದೇನೆ," ಅಂದಳು ಅಮ್ಮ.

"ಕಾಣ್ತದೆ."

"ಮಗಳ ಮದುವೆ. ನೀನು ಬರ್ಬೇಕು."

ಮಾವ ತಮ್ಮ ಕಾಲಿನ ಹೆಬ್ಬೆರಳನ್ನು ನೋಡಿದರು. "ನೋಡುವ," ಅಂದರು.

ವಾಪಸು ಬರುವಾಗ ದೋಣಿಯಲ್ಲಿ ಅಮ್ಮ ನನ್ನ ಕಡೆ ತಿರುಗಿದಳು. ಅವಳ ಮುಖ ಹುಡುಗಿಯರ ಮುಖದ ಹಾಗಾಗಿತ್ತು.

"ನೋಡುವ ಅಂದ ಅಲ್ವಾ? ಬರುದಿಲ್ಲ ಅನ್ಲಿಲ್ಲ." ಸ್ವಲ್ಪ ದೂರ ಸಾಗಿದ ಮೇಲೆ, "ಅವನು ಬಂದ್ರೆ ನಮ್ಮಿಬ್ಬರದ್ದು ಒಂದು ಫೋಟೋ ತೆಗಿ ಮಗಾ. ಗೋಡೆಯಲ್ಲಿ ಇದ್ರೆ ಅವನು ಬಂದಿದ್ದ ಅಂತ ಸಾಕ್ಷಿ ಆಯ್ತಲ್ಲ. ಮತ್ತೆ ಇವರು ಎಂತ ಬೇಕಾದ್ರೂ ಜಗಳ ಮಾಡ್ಲಿ."

ಅಮ್ಮ ನನ್ನ ಕ್ಯಾಮೆರಾದಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಾವ ಬಂದರು. ಮದುವೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೊಡೆ ಹಿಡಿದುಕೊಂಡು ಚಪ್ಪರದ ಬಾಗಿಲಿಗೆ ಬಂದು ನಿಂತರು. ಅಪ್ಪ ಎದುರು ಹೋದರು.

"ಬಂದ್ರಾ," ಅಂದರು ಅಪ್ಪ.

"ಬಂದೆ," ಅಂದರು ಮಾವ.

ಏಳು ವರ್ಷದ ಜಗಳಕ್ಕೆ ಅಷ್ಟೇ ಮಾತು. ಮಾವ ಬೆಂಚಿನ ತುದಿಯಲ್ಲಿ ಕುಳಿತರು. ಅವರ ಸುತ್ತ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ, ಬೆಂಚು ಮುರಿದೀತು ಎಂಬ ಹಾಗೆ. ಇದನ್ನು ಸರಿ ಮಾಡುವ ಭಾರ ನನ್ನ ಮೇಲೆ ಬಿದ್ದಿದೆ ಎಂದು ನನಗೆ ಅನಿಸಿತು. ನನಗೆ ಹಾಗೆ ಅನಿಸಿದಾಗಲೆಲ್ಲ ಊರಿನಲ್ಲಿ ಏನಾದರೊಂದು ಮುರಿದಿದೆ. ಆದರೂ ಮಾವನ ಪಕ್ಕದ ಗುಂಪಿನ ನಡುವೆ ನಿಂತು ಸುಳ್ಯದ ಕುಳದ ಕಥೆ ತೆಗೆದೆ. ಕುರ್ಚಿ, ಕೋವಿ, ಮೀಸೆ. ಹಾಳೆಯ ಮುಚ್ಚಳವನ್ನು ಎತ್ತಿ ತೋರಿಸಿ, "ಇದು ಇದ್ರೆ ಆ ಕಡೆ ಅಮಾವಾಸ್ಯೆ" ಎಂದು ಹೇಳಿ ಟಿಕ್ ಟಿಕ್ ಒತ್ತಿದೆ. "ತೊಳೆಯುವಾಗ ಹಾಳಾಯ್ತು ಧಣಿ" ಎಂದು ಕೈ ಮುಗಿದೆ. ನಾಯಿಯ ಮುಖ ಮಾಡಿದೆ.

ಮಾವ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಸದ್ದು ಬಂತು, ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಂಡರು. "ಪಾಪದ ನಾಯಿ ಮಾರಾಯ," ಅಂದರು. ಅಡುಗೆಯ ಕಡೆಯ ಬಾಗಿಲಲ್ಲಿ ಅಮ್ಮ ಸಾಂಬಾರಿನ ಪಾತ್ರೆ ಹಿಡಿದುಕೊಂಡು ನಿಂತಿದ್ದಳು. ಅಣ್ಣನ ನಗು ಕೇಳುತ್ತಾ ಪಾತ್ರೆ ಬಿಸಿಯಿದೆ ಎಂಬುದನ್ನೂ ಮರೆತಿದ್ದಳು. ಏಳು ವರ್ಷದ ಗಂಟನ್ನು ನಾಲಿಗೆಯಿಂದ ಬಿಚ್ಚಿದೆ ಎಂದು ನಾನು ಆ ಕ್ಷಣ ನಂಬಿದೆ.

ಧಾರೆ ಮುಗಿಯಿತು. ಆ ಫೋಟೋಗಳು ಚೆನ್ನಾಗಿ ಬಂದವು, ಈಗಲೂ ತಂಗಿಯ ಮನೆಯಲ್ಲಿವೆ. ಆಮೇಲೆ ಮಕ್ಕಳ ದಂಡು ನನ್ನನ್ನು ಮುತ್ತಿಕೊಂಡಿತು, "ನಮ್ಮದೊಂದು, ನಮ್ಮದೊಂದು" ಎಂದು. ಮುಚ್ಚಳ ಹಾಕಿಯೇ ಇತ್ತು. ಅವರನ್ನು ಸಾಲಾಗಿ ನಿಲ್ಲಿಸಿ ಟಿಕ್ ಎಂದು ಒತ್ತಿದೆ. ಅವರು ಕುಣಿಯುತ್ತಾ ಓಡಿದರು.

ಅದೇ ಹೊತ್ತಿಗೆ ಹಿಂದಿನಿಂದ ಅಮ್ಮ ಕರೆದಳು. "ಮಗಾ, ಈಗ. ಈಗ ಒಪ್ಪಿದ್ದಾನೆ."

ಮಾವ ಚಪ್ಪರದ ಕಂಬದ ಹತ್ತಿರ ನಿಂತು ಶಾಲು ಸರಿ ಮಾಡುತ್ತಿದ್ದರು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರ ಪಕ್ಕ ನಿಂತಳು. ನನಗೋ ಅವಸರ. ಇವರು ಮನಸ್ಸು ಬದಲಿಸುವ ಮೊದಲು ತೆಗೆಯಬೇಕು ಎಂಬುದೊಂದೇ ತಲೆಯಲ್ಲಿ. ಕಿಂಡಿಗೆ ಕಣ್ಣಿಟ್ಟೆ. ಇಬ್ಬರೂ ಸ್ಪಷ್ಟವಾಗಿ ಕಂಡರು. ಅಮ್ಮನ ಕೈ ಅಣ್ಣನ ತೋಳಿನ ಹತ್ತಿರ ಹೋಗಿ, ಮುಟ್ಟದೆ, ಅಲ್ಲೇ ನಿಂತಿತ್ತು. ಅವಳ ಕಣ್ಣು ಕ್ಯಾಮೆರಾದ ಕಡೆ ಇರಲಿಲ್ಲ, ಅಣ್ಣನ ಮೇಲಿತ್ತು.

"ಮಾವ, ಸ್ವಲ್ಪ ನಗಿ. ಇದು ನಗದವರನ್ನು ಹಿಡಿಯುದಿಲ್ಲ."

ಮಾವ ನಗುವವರಿದ್ದರು. ನೇರ ಕ್ಯಾಮೆರಾವನ್ನು ನೋಡಿದರು. ಅವರ ಮುಖ ನಿಧಾನಕ್ಕೆ ಗಂಭೀರವಾಯಿತು. ಫೋಟೋ ಎಂದರೆ ಹಿರಿಯರ ಮುಖ ಹಾಗೆಯೇ ಆಗುತ್ತದೆ ಎಂದುಕೊಂಡೆ. ಒತ್ತಿದೆ. ಫಿಲ್ಮು ತಿರುಗಿಸಿ, "ಇನ್ನೊಂದು, ಜಾಗ್ರತೆಗೆ," ಎಂದು ಮತ್ತೆ ಒತ್ತಿದೆ. ಮಾವ ಅಲುಗದೆ ನಿಂತಿದ್ದರು, ಎರಡೂ ಮುಗಿಯುವವರೆಗೆ.

ಮುಗಿದ ಮೇಲೆ ಅಭ್ಯಾಸದಂತೆ ಮುಚ್ಚಳ ಹಾಕಲು ಕೈ ಹೋಯಿತು. ಆಗಲೇ ಹಾಕಿತ್ತು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ನೋಡು, ಮೂರು ವರ್ಷಕ್ಕೆ ಕೈ ತಾನಾಗಿ ಬುದ್ಧಿ ಕಲಿತಿದೆ, ನನಗೆ ತಿಳಿಯದೆಯೇ ಮುಚ್ಚಿಬಿಟ್ಟಿದೆ ಎಂದುಕೊಂಡೆ. ನನ್ನಷ್ಟು ಪೆದ್ದ ಈ ಮೂರೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಮಾವ ಊಟಕ್ಕೆ ಕುಳಿತರು. ಬಡಿಸಿದ್ದನ್ನೆಲ್ಲ ಉಂಡರು. ಹೊರಡುವಾಗ ಅಮ್ಮನ ಹತ್ತಿರ ಬಂದು, "ಹೋಗ್ತೇನೆ," ಅಂದರು.

ನಮ್ಮಲ್ಲಿ ಹೊರಡುವವರು ಬರ್ತೇನೆ ಎನ್ನುತ್ತಾರೆ. ಹೋಗ್ತೇನೆ ಎಂದು ಯಾರೂ ಹೇಳುವುದಿಲ್ಲ.

"ಹಾಗೆ ಹೇಳ್ಬಾರ್ದು ಅಣ್ಣ," ಅಂದಳು ಅಮ್ಮ.

"ಹೌದಾ," ಎಂದು ಮಾವ ಕೊಡೆ ಬಿಡಿಸಿದರು.

ನಾಲ್ಕು ದಿನ ಬಿಟ್ಟು ಪುತ್ತೂರಿನ ಕತ್ತಲೆ ಕೋಣೆಯಿಂದ ಯಜಮಾನರು ಫಿಲ್ಮನ್ನು ಹೊರಗೆ ತಂದು ಬೆಳಕಿಗೆ ಹಿಡಿದರು. ಕಿಟಕಿಗಳ ಸಾಲಿನ ಹಾಗೆ ಒಂದೊಂದರಲ್ಲೂ ಕಪ್ಪು ಕಪ್ಪು ಜನ. ಕೊನೆಯ ಕಡೆಯ ಎರಡು ಕಿಟಕಿಗಳಲ್ಲಿ ಮಾತ್ರ ಏನೂ ಇರಲಿಲ್ಲ. ತೊಳೆದಿಟ್ಟ ಗಾಜಿನ ಹಾಗೆ ಶುಭ್ರವಾಗಿದ್ದವು.

"ಇಲ್ಲಿ ಯಾರು ನಿಂತದ್ದು? ದೇವರಾ?" ಎಂದು ಯಜಮಾನರು ಕೇಳಿದರು.

ನಾನು ಮೊದಲು ನಕ್ಕೆ. ಆಮೇಲೆ ಲೆಕ್ಕ ಹಾಕಿದೆ. ಧಾರೆ, ಮಕ್ಕಳ ದಂಡು, ಆಮೇಲೆ ಅಮ್ಮ. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಕೊಂಡೆ. ಯಜಮಾನರು ಒಳಗೆ ಹೋದರು.

ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೈ ಚಾಚಿದಳು. ಪಟಗಳನ್ನು ಒಂದೊಂದಾಗಿ ನೋಡುತ್ತಾ ಕೊನೆಗೆ ಬಂದಳು. ಮತ್ತೆ ಮೊದಲಿನಿಂದ ನೋಡಿದಳು.

"ನಮ್ಮದು ಎಲ್ಲಿ?"

ಮುಚ್ಚಳ ತೆಗೆಯಲು ಮರೆತೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಹೆದರಿದೆ. ಬಾಯಿಯಿಂದ ಹೊರಬಂದದ್ದು ಅಭ್ಯಾಸವಾಗಿದ್ದ ಮಾತು.

"ಅದು ತೊಳೆಯುವಾಗ ಹಾಳಾಯ್ತು ಅಮ್ಮ."

ಅಮ್ಮ ಒಂದು ಕ್ಷಣ ನನ್ನನ್ನು ನೋಡಿದಳು. ಮದುವೆಯ ಬೆಳಿಗ್ಗೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ಅವಳು ಇದೇ ಮಾತನ್ನು ಕೇಳಿದ್ದಳು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

"ನಾಳೆ ಹೋಗಿ ಮಾವನನ್ನು ಕರ್ಕೊಂಡು ಬರ್ತೇನೆ. ಇನ್ನೊಂದು ತೆಗೆಯುವ," ಅಂದೆ. ಅವಳು ಅಣ್ಣನಿಗೆಂದು ಮದುವೆಯ ಲಾಡುಗಳನ್ನು ಬಾಳೆಲೆಯಲ್ಲಿ ಕಟ್ಟಿ, ಮೇಲೆ ಬಾಳೆಯ ನಾರು ಸುತ್ತಿ ಕೊಟ್ಟಳು.

ಇಚಿಲಂಪಾಡಿಯಲ್ಲಿ ಮಾವ ನನ್ನನ್ನು ಕೂರಿಸಿದರು. ಬೆಲ್ಲ, ನೀರು. ಊಟ. ಕೈ ತೊಳೆದು ಜಗಲಿಗೆ ಬಂದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಈ ಸಲ ಸುಳ್ಳು ಸೇರಿಸಲಿಲ್ಲ. ಮಕ್ಕಳಿಗೆ ಒತ್ತಿದ್ದು, ಅವಸರ ಆದದ್ದು, ಮರೆತದ್ದು.

"ನನಗೆ ಗೊತ್ತುಂಟು," ಅಂದರು ಮಾವ. "ಎದುರು ನಿಂತವನು ನಾನು. ಕಂಡೆ."

"ಕಂಡಿದ್ರೆ ಹೇಳ್ಬಾರ್ದಿತ್ತಾ ಮಾವ?"

"ಎಂತ ಹೇಳುದು? ಬೆಳಿಗ್ಗೆಯೇ ನೀನು ಹೇಳಿ ಆಗಿತ್ತಲ್ಲ. ಬೇಡದವರಿಗೆ ಅದನ್ನು ಹಾಕಿಯೇ ಒತ್ತುದು ಅಂತ. ನಾನೂ ನಕ್ಕಿದ್ದೆ. ನಿನ್ನ ಅಮ್ಮ ಪಕ್ಕದಲ್ಲಿ ನಿಂತಿದ್ಲು. ಅಷ್ಟು ಜನರ ಎದುರು ಅವಳ ಮುಖ ಕೆಡಿಸುದು ಬೇಡ ಅಂತ ಸುಮ್ಮನೆ ನಿಂತೆ."

"ದೇವರಾಣೆ ಮರೆತದ್ದು ಮಾವ."

"ನಿನ್ನ ಅಪ್ಪ ಬಸ್ಸಿನಲ್ಲಿ ಹೇಳಿಕೆ ಕಳಿಸಿದ. ನೀನು ಮುಚ್ಚಳ ಹಾಕಿ ಫೋಟೋ ತೆಗ್ದೆ. ಅಪ್ಪನಿಗಿಂತ ನೀನು ಹುಷಾರು." ದನಿ ಏರಿಸದೆಯೇ ಹೇಳಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈಗ ನಿಲ್ಲಿ ಮಾವ. ಮುಚ್ಚಳ ನೀವೇ ತೆಗೀರಿ. ನಿಮ್ಮ ಕೈಯಲ್ಲೇ ಇರ್ಲಿ."

ಅವರು ನಾನು ಚಾಚಿದ ಕ್ಯಾಮೆರಾವನ್ನು ನೋಡಿದರು. ಮುಟ್ಟಲಿಲ್ಲ.

"ನಿನ್ನ ಮಾತಿನಲ್ಲಿ ಯಾವುದು ತಮಾಷೆ, ಯಾವುದು ನಿಜ ಅಂತ ನನಗೆ ಗೊತ್ತಾಗುದಿಲ್ಲ ಮಾರಾಯ. ಪ್ರಾಯ ಆಯ್ತು. ದೋಣಿ ಹೋದೀತು, ಹೊರಡು."

ಅಂಗಳ ದಾಟುವಾಗ ಅತ್ತೆ ಹಿಂದಿನಿಂದ ಬಂದು ನಾನು ತಂದಿದ್ದ ಲಾಡಿನ ಕಟ್ಟನ್ನು ಮತ್ತೆ ನನ್ನ ಕೈಯಲ್ಲಿಟ್ಟರು. ಅವರ ಕಣ್ಣು ಕೆಂಪಾಗಿತ್ತು. ಬಾಳೆಯ ನಾರಿನ ಗಂಟನ್ನು ಯಾರೂ ಬಿಚ್ಚಿರಲಿಲ್ಲ.

ದೋಣಿಯಲ್ಲಿ ಅದನ್ನು ಹೊಳೆಗೆ ಎಸೆಯೋಣ ಎನಿಸಿತು. ಅಮ್ಮನ ಹತ್ತಿರ, ಮಾವನಿಗೆ ಲಾಡು ಬಹಳ ರುಚಿಸಿತು ಎಂದು ಹೇಳಬಹುದಿತ್ತು. ಅಂಥ ನೂರು ಕಥೆ ಕಟ್ಟಿದವನು ನಾನು. ಒಂದೂ ಬಾಯಿಗೆ ಬರಲಿಲ್ಲ.

ಅಮ್ಮ ಹಿತ್ತಿಲಿನಲ್ಲಿ ಗೆರಸೆ ಹಿಡಿದು ಅಕ್ಕಿ ಕೇರುತ್ತಿದ್ದಳು. ಕಟ್ಟನ್ನು ನೋಡಿದಳು. ಗೆರಸೆ ನಿಂತಿತು. ನಾನು ಕುಳಿತು ನಡೆದದ್ದನ್ನೆಲ್ಲ ಹೇಳಿದೆ, ಮಾವ ಹೇಳಿದ್ದನ್ನೂ ಬಿಡದೆ. ಕೋಳಿಯೊಂದು ಬಂದು ಗೆರಸೆಯಿಂದ ಅಕ್ಕಿ ಹೆಕ್ಕಿತು. ಅವಳು ಓಡಿಸಲಿಲ್ಲ.

"ಮಗಾ," ಅಂದಳು ಕೊನೆಗೆ. "ನನ್ನ ಹತ್ತಿರ ಹೇಳು. ಅಪ್ಪನ ಸಿಟ್ಟು ನಿನಗೂ ಇತ್ತಾ? ಬೇಕೂಂತ ಮಾಡಿದ್ದಾ?"

ಅವಳ ತಲೆಯ ಮೇಲೆ ಆಣೆಯಿಡಲು ಕೈ ಎತ್ತಿದೆ. ಅವಳು ತಲೆಯನ್ನು ಸ್ವಲ್ಪ ಆಚೆ ಮಾಡಿದಳು.

"ಆಣೆ ಬೇಡ. ಹೇಳಿದ್ರೆ ಸಾಕು."

"ಇಲ್ಲ ಅಮ್ಮ. ಮರೆತದ್ದು."

ನನ್ನದು ಒಂದು ಕೆಟ್ಟ ಮುಖ. ಹೆದರಿದಾಗ, ಅಳು ಬಂದಾಗ ತುಟಿಯ ಒಂದು ತುದಿ ನಗುವ ಹಾಗೆ ತಾನಾಗಿಯೇ ಮೇಲೆ ಹೋಗುತ್ತದೆ. ಶಾಲೆಯಲ್ಲಿ ಇದಕ್ಕಾಗಿಯೇ ಎಷ್ಟೋ ಪೆಟ್ಟು ತಿಂದಿದ್ದೇನೆ. ಆಗಲೂ ಅದು ಮೇಲೆ ಹೋಯಿತು. ಕೈಯಿಂದ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಅವಳು ನೋಡಿಯಾಗಿತ್ತು.

"ಸರಿ," ಅಂದಳು. ಕೋಳಿಯನ್ನು ಓಡಿಸಿದಳು. ಗೆರಸೆ ಎತ್ತಿಕೊಂಡು ಮತ್ತೆ ಕೇರಲು ತೊಡಗಿದಳು.

ಎರಡು ವರ್ಷ ಆಯಿತು. ಮಾವ ಬಂದಿಲ್ಲ, ಅಮ್ಮ ಹೋಗಿಲ್ಲ. ನಾನು ಏನಾದರೂ ಹೇಳಲು ಹೊರಟರೆ, "ಬಿಡು, ಆದದ್ದಾಯ್ತು," ಎನ್ನುತ್ತಾಳೆ. ಆದದ್ದು ಏನು ಎಂದು ಅವಳು ತಿಳಿದುಕೊಂಡಿದ್ದಾಳೆ ಎಂಬುದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.